ಗಡಿ ದಾಟುವ ಲಾರಿಗೆ ಹೊಲದಿಂದಲೇ ಯೋಜನೆ: ಈರುಳ್ಳಿ ಮತ್ತು ದಾಳಿಂಬೆ ಬೆಳೆಗಾರರಿಗೆ ಕೆಲವು ಸೂಚನೆಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ರೈತರಿಗೆ ಈರುಳ್ಳಿ ಮತ್ತು ದಾಳಿಂಬೆ ಕೈಗೆ ಹಣ ತಂದುಕೊಡುವ ಮುಖ್ಯ ಬೆಳೆಗಳು. ಇವನ್ನು ಬೆಳೆಯುವ ಬಗ್ಗೆ, ರೋಗ ಮತ್ತು ಕೀಟಗಳ ಹತೋಟಿಯ ಬಗ್ಗೆ ನಮ್ಮ ರೈತರು ಸಾಕಷ್ಟು ತಿಳಿದುಕೊಂಡಿದ್ದಾರೆ. ಆದರೆ ಮಾಲು ಲಾರಿ ಹತ್ತಿದ ಮೇಲೆ ಏನಾಗುತ್ತದೆ ಎಂಬುದರ ಕಡೆಗೆ ಗಮನ ಕಡಿಮೆ. ಈ ಭಾಗದ ಈರುಳ್ಳಿ ಮತ್ತು ದಾಳಿಂಬೆಯಲ್ಲಿ ಒಂದು ಪಾಲು ಪಶ್ಚಿಮ ಬಂಗಾಳದ ಮೂಲಕ ಬಾಂಗ್ಲಾದೇಶದ ಪೇಟೆಗೆ ಹೋಗುತ್ತದೆ. ಅಲ್ಲಿನ ಗಡಿಯಲ್ಲಿ ಲಾರಿಗಳ ಸಾಲು ಬೆಳೆದರೆ ಇಲ್ಲಿ ತೋಟದ ಬಾಗಿಲಲ್ಲಿ ದರ ಇಳಿಯುತ್ತದೆ. ಗಡಿ ಮುಚ್ಚಿದರೆ ಇಲ್ಲಿ ತುಂಬಿಟ್ಟ ಚೀಲ ಕಣದಲ್ಲೇ ಉಳಿಯುತ್ತದೆ.

ಗಡಿಯಲ್ಲಿ ಕಾಯುವುದು ಲಾರಿ ಮಾಲೀಕರಿಗೂ ರಫ್ತು ವ್ಯಾಪಾರಿಗಳಿಗೂ ಸಂಬಂಧಿಸಿದ ವಿಷಯ, ರೈತನಿಗೇನು ಎಂದು ಕೇಳುವವರುಂಟು. ವಾಸ್ತವವಾಗಿ ಗಡಿಯಲ್ಲಿ ನಿಂತ ಪ್ರತಿಯೊಂದು ದಿನದ ಖರ್ಚೂ ಕೊನೆಗೆ ಹಿಂದಕ್ಕೆ ಸರಿದು ಬೆಳೆದವನ ಲೆಕ್ಕಕ್ಕೇ ಬರುತ್ತದೆ. ಆದುದರಿಂದ ಗಡಿಯಲ್ಲಿ ಲಾರಿಗಳು ಹೇಗೆ ದಾಟುತ್ತವೆ, ಸರದಿ ಏಕೆ ಬೆಳೆಯುತ್ತದೆ, ಅದಕ್ಕೆ ತಕ್ಕಂತೆ ಕೊಯ್ಲು, ತುಂಬುವಿಕೆ ಮತ್ತು ವ್ಯಾಪಾರವನ್ನು ಹೇಗೆ ಯೋಜಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮಾಲು ಹೋಗುವ ದಾರಿ

ಹಿರಿಯೂರು ಮತ್ತು ಚಿತ್ರದುರ್ಗ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಹಿರಿಯೂರಿನಿಂದ ಚಳ್ಳಕೆರೆ, ಬಳ್ಳಾರಿ ಕಡೆಗೆ ಹೆದ್ದಾರಿ 150ಎ ಹೋಗುತ್ತದೆ. ಕೋಲ್ಕತ್ತ ಕಡೆಗೆ ಹೊರಟ ಲಾರಿಗಳು ಆಂಧ್ರ ಪ್ರದೇಶವನ್ನು ದಾಟಿ ಕರಾವಳಿಯ ಹೆದ್ದಾರಿ 16ನ್ನು ಹಿಡಿದು ಒಡಿಶಾ ಮೂಲಕ ಬಂಗಾಳವನ್ನು ಸೇರುತ್ತವೆ. ಒಟ್ಟು ದೂರ ಎರಡು ಸಾವಿರ ಕಿ.ಮೀ. ಹತ್ತಿರ. ದಿನಕ್ಕೆ 400 ಕಿ.ಮೀ. ಓಡಿದರೂ ಐದು ದಿನ ಬೇಕು.

ಹಿಂದೆ ಈ ದಾರಿಯಲ್ಲಿ ಪ್ರತಿ ರಾಜ್ಯದ ಗಡಿಯಲ್ಲೂ ಮಾರಾಟ ತೆರಿಗೆಯ ತನಿಖಾ ಠಾಣೆ ಇತ್ತು. ಲಾರಿಗಳು ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಈ ತೆರಿಗೆ ಠಾಣೆಗಳನ್ನು ತೆಗೆದುಹಾಕಲಾಯಿತು. 2021ರ ಫೆಬ್ರವರಿಯಿಂದ ಸುಂಕದ ಕಟ್ಟೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಹೀಗೆ ದೇಶದೊಳಗಿನ ದಾರಿ ಮೊದಲಿಗಿಂತ ಸುಗಮವಾಗಿದೆ. ಐದು ದಿನದ ಓಟದಲ್ಲಿ ಉಳಿಸಿದ ವೇಳೆಯನ್ನೆಲ್ಲ ಕೊನೆಯ ಗಡಿಯೊಂದೇ ನುಂಗಿಬಿಡಬಲ್ಲುದು.

ಆ ಗಡಿಯೇ ಪೆಟ್ರಾಪೋಲ್. ಇದು ಪಶ್ಚಿಮ ಬಂಗಾಳದ ಉತ್ತರ 24 ಪರಗಣ ಜಿಲ್ಲೆಯಲ್ಲಿ, ಬನಗಾಂವ್ ಪಟ್ಟಣದ ಹತ್ತಿರ, ಕೋಲ್ಕತ್ತದಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ. ಆಚೆ ಕಡೆ ಬಾಂಗ್ಲಾದೇಶದ ಬೆನಾಪೋಲ್. ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ಭೂಮಾರ್ಗದಲ್ಲಿ ನಡೆಯುವ ವ್ಯಾಪಾರದ ಬಹುಪಾಲು ಇದೊಂದೇ ಬಾಗಿಲಿನಲ್ಲಿ ಸಾಗುತ್ತದೆ. ಕೋಲ್ಕತ್ತದಿಂದ ಅಲ್ಲಿಗೆ ಹೋಗುವ ಹಳೆಯ ಜೆಸ್ಸೋರ್ ರಸ್ತೆ ಇಕ್ಕಟ್ಟಿನದು, ಎರಡೂ ಬದಿಯಲ್ಲಿ ಭಾರಿ ಮರಗಳಿವೆ. ಇದಲ್ಲದೆ ಘೋಜಾಡಾಂಗಾ, ಮಹದೀಪುರ, ಹಿಲಿ, ಚಂಗ್ರಬಾಂಧಾ ಎಂಬ ಬೇರೆ ದಾಟುಗಳೂ ಇವೆ. ಈರುಳ್ಳಿಯಂತೂ ಘೋಜಾಡಾಂಗಾ, ಮಹದೀಪುರ ಮತ್ತು ಹಿಲಿಯಲ್ಲೂ ದಾಟುತ್ತದೆ.

ಗಡಿಯಲ್ಲಿ ಲಾರಿ ದಾಟುವ ಕ್ರಮ

ಲಾರಿ ಗಡಿಗೆ ಬಂದ ಕೂಡಲೇ ನೇರವಾಗಿ ಆಚೆ ಹೋಗುವುದಿಲ್ಲ. ಕ್ರಮ ಹೀಗಿದೆ:

1. ಲಾರಿ ಮೊದಲು ನಿಲುಗಡೆ ಜಾಗದಲ್ಲಿ ನಿಂತು ತನ್ನ ಸರದಿಗಾಗಿ ಕಾಯುತ್ತದೆ.

2. ಸರದಿ ಬಂದಾಗ ಸಮಗ್ರ ತನಿಖಾ ಠಾಣೆಯ ಆವರಣವನ್ನು ಪ್ರವೇಶಿಸುತ್ತದೆ. ತೂಕವಾಗುತ್ತದೆ.

3. ಕಸ್ಟಮ್ಸ್ ಅಧಿಕಾರಿಗಳು ರಫ್ತು ಪತ್ರವನ್ನು ಪರಿಶೀಲಿಸುತ್ತಾರೆ. ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಲೇಬೇಕು.

4. ಚಾಲಕನಿಗೆ ಆಚೆ ಹೋಗಲು ಪಾಸ್ ದೊರೆಯುತ್ತದೆ. ಲಾರಿ ಗೇಟು ದಾಟುತ್ತದೆ.

5. ಬೆನಾಪೋಲ್‌ನಲ್ಲಿ ಮತ್ತೆ ತೂಕ, ಅಲ್ಲಿನ ಸಸ್ಯ ತನಿಖೆ, ಸುಂಕ ಪಾವತಿ.

6. ಅಲ್ಲಿ ನಮ್ಮ ಲಾರಿಯಿಂದ ಮಾಲನ್ನು ಇಳಿಸಿ ಬಾಂಗ್ಲಾದೇಶದ ಲಾರಿಗೆ ತುಂಬುತ್ತಾರೆ. ನಮ್ಮ ಲಾರಿ ಬರಿದಾಗಿ ಹಿಂದಕ್ಕೆ ಬರುತ್ತದೆ.

ಕೊನೆಯ ಅಂಶ ಬಹಳ ಮುಖ್ಯ. ಬಾಂಗ್ಲಾದೇಶ, ಭೂತಾನ್, ಭಾರತ ಮತ್ತು ನೇಪಾಳಗಳು ಲಾರಿಗಳು ಪರಸ್ಪರ ದೇಶಗಳಲ್ಲಿ ನೇರವಾಗಿ ಓಡಾಡಲೆಂದು 2015ರ ಜೂನ್ 15ರಂದು ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಹೊಸದುರ್ಗದಲ್ಲಿ ತುಂಬಿದ ಲಾರಿ ಢಾಕಾ ಪೇಟೆಗೆ ನೇರವಾಗಿ ಹೋಗುವ ಪದ್ಧತಿ ಇನ್ನೂ ಬಂದಿಲ್ಲ. ಎಂದರೆ ನಮ್ಮ ಪೆಟ್ಟಿಗೆ, ಚೀಲಗಳನ್ನು ಗಡಿಯಲ್ಲಿ ಇನ್ನೊಮ್ಮೆ ಹಮಾಲರು ಎತ್ತಿ ಇಳಿಸುತ್ತಾರೆ. ಆಚೆ ಕಡೆ ಇಳಿಸಿಕೊಳ್ಳಲು ಜಾಗ, ಲಾರಿ ಅಥವಾ ಹಮಾಲರು ಸಾಲದಿದ್ದರೆ ಈಚೆ ಕಡೆಯ ಗೇಟು ತೆರೆದಿದ್ದರೂ ಸಾಲು ಕದಲುವುದಿಲ್ಲ. ಕಾಲುವೆಯ ತಲೆಯಲ್ಲಿ ತೂಬು ಎಷ್ಟು ಎತ್ತಿದರೇನು, ಕೊನೆಯ ಭಾಗದಲ್ಲಿ ಹೂಳು ಕಟ್ಟಿದ್ದರೆ ನೀರು ಹಿಂದಕ್ಕೇ ನಿಲ್ಲುವುದಷ್ಟೇ.

ಸರದಿ ಬೆಳೆಯುವ ಲೆಕ್ಕ

ಗಡಿಯಲ್ಲಿ ಸಾಲು ಏಕೆ ಅಷ್ಟು ಉದ್ದವಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಗೇಟಿನಲ್ಲಿ ದಿನಕ್ಕೆ 300 ಲಾರಿ ದಾಟಬಹುದು, ದಿನಕ್ಕೆ 280 ಲಾರಿ ಬರುತ್ತವೆ ಎಂದು ಇಟ್ಟುಕೊಳ್ಳೋಣ. ಸಾಮಾನ್ಯ ದಿನಗಳಲ್ಲಿ ತೊಂದರೆಯಿಲ್ಲ. ಬಂದ ಲಾರಿಗಳೆಲ್ಲ ಅಂದಂದೇ ದಾಟುತ್ತವೆ.

ಈಗ ಹಬ್ಬದ ನಿಮಿತ್ತ ಗೇಟು ನಾಲ್ಕು ದಿನ ಮುಚ್ಚಿತೆನ್ನಿ. ಲಾರಿಗಳು ಬರುವುದು ನಿಲ್ಲಲಿಲ್ಲ. ನಾಲ್ಕು ದಿನಕ್ಕೆ 1,120 ಲಾರಿ ಸೇರಿದವು. ಐದನೆಯ ದಿನ ಗೇಟು ತೆರೆಯಿತು. ಅಂದಿನಿಂದ ದಿನಕ್ಕೆ 300 ದಾಟುತ್ತವೆ, 280 ಹೊಸದಾಗಿ ಬರುತ್ತವೆ. ಹಾಗಾದರೆ ಹಳೆಯ ಸಾಲಿನಲ್ಲಿ ದಿನಕ್ಕೆ ಕರಗುವುದು ಕೇವಲ 20 ಲಾರಿ. ನಾಲ್ಕು ದಿನದ ರಜೆಯಿಂದಾದ ಸಾಲು ಪೂರ್ತಿ ಕರಗಲು 56 ದಿನ ಬೇಕು! ಅದೇ ಗೇಟು ತೆರೆದ ಮೇಲೆ ಲಾರಿಗಳು ದಿನಕ್ಕೆ 280ರ ಬದಲು 200 ಮಾತ್ರ ಬಂದರೆ ದಿನಕ್ಕೆ 100 ಕರಗಿ, ಹನ್ನೆರಡನೆಯ ದಿನಕ್ಕೆ ಸಾಲು ಇಲ್ಲವಾಗುತ್ತದೆ.

ಈ ಲೆಕ್ಕದಿಂದ ಎರಡು ವಿಷಯ ಸ್ಪಷ್ಟವಾಗುತ್ತದೆ. ಒಂದು, ಗೇಟು ತುಂಬಿ ನಡೆಯುತ್ತಿರುವಾಗ ಸಣ್ಣ ತಡೆಯೂ ದೊಡ್ಡ ಸಾಲಾಗುತ್ತದೆ. ಎರಡು, ಗೇಟು ತೆರೆಯಿತು ಎಂಬ ಸುದ್ದಿ ಕೇಳಿ ಎಲ್ಲರೂ ಒಟ್ಟಿಗೇ ಲಾರಿ ಹೊರಡಿಸುವುದು ನಷ್ಟದ ದಾರಿ. ರಜೆ ಮುಗಿದ ಮಾರನೆಯ ದಿನವೇ ಸಾಲು ಅತಿ ಉದ್ದವಾಗಿರುತ್ತದೆ.

ಕಾಯುವ ದಿನದ ಬೆಲೆ

ಮೂರು ಅಚ್ಚಿನ ಹತ್ತು ಚಕ್ರದ ಲಾರಿಗೆ 2018ರಿಂದ ಒಟ್ಟು ತೂಕದ ಮಿತಿ 28.5 ಟನ್. ಲಾರಿಯ ಸ್ವಂತ ತೂಕ ಕಳೆದರೆ ಸುಮಾರು 18 ಟನ್ ಮಾಲು ತುಂಬಬಹುದು ಎಂದು ಲೆಕ್ಕ ಹಿಡಿಯೋಣ. ಇದು 50 ಕಿಲೋ ತೂಕದ 360 ಚೀಲ ಈರುಳ್ಳಿ. ಮೋಡ ಮುಸುಕಿದ ಸೆಕೆಯಲ್ಲಿ ತಾಡಪಾಲಿನ ಕೆಳಗೆ ನಿಂತ ಮಾಲು ತೂಕ ಇಳಿದು ಮತ್ತು ಕೊಳೆತು ದಿನಕ್ಕೆ ನೂರಕ್ಕೆ ಎರಡರಷ್ಟು ಹಾಳಾಯಿತೆಂದು ಭಾವಿಸಿದರೆ ದಿನಕ್ಕೆ 360 ಕಿಲೋ ಹೋಯಿತು. ಐದು ದಿನ ಕಾದರೆ 18 ಕ್ವಿಂಟಾಲ್, ಎಂದರೆ 36 ಚೀಲ. ಇದರ ಮೇಲೆ ಲಾರಿಗೆ ನಿಂತ ದಿನದ ಬಾಡಿಗೆ, ನಿಲುಗಡೆ ಶುಲ್ಕ, ಚಾಲಕ ಮತ್ತು ಕ್ಲೀನರ್‌ನ ಬತ್ತೆ, ಕೊಳೆತದ್ದನ್ನು ಆರಿಸುವ ಕೂಲಿ. ಉಳಿದ ಮಾಲಿಗೂ ಹೊಸ ಮಾಲಿನ ದರ ಸಿಗುವುದಿಲ್ಲ.

ಪ್ರತಿಯೊಬ್ಬ ರೈತನೂ ತನ್ನ ಮಾಲಿಗೆ ತಕ್ಕಂತೆ ಈ ಲೆಕ್ಕವನ್ನು ಒಮ್ಮೆ ಬರೆದು ನೋಡುವುದು ಒಳ್ಳೆಯದು. ಯಶವಂತಪುರದ ಪೇಟೆಗಿಂತ ಗಡಿಯ ದರ ಕ್ವಿಂಟಾಲಿಗೆ ಎಷ್ಟು ಹೆಚ್ಚಿದ್ದರೆ ಎಷ್ಟು ದಿನದ ಕಾಯುವಿಕೆಯನ್ನು ತಾಳಿಕೊಳ್ಳಬಹುದು ಎಂಬುದು ಆಗ ಗೊತ್ತಾಗುತ್ತದೆ.

ಸರದಿಯನ್ನು ಹತೋಟಿಗೆ ತರುವ ಏರ್ಪಾಡುಗಳು

ಲಾರಿಗಳ ಸಾಲು ಬರಿಯ ನಮ್ಮ ಗಡಿಯ ಸಮಸ್ಯೆಯಲ್ಲ. ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಲರೇಡೋ ಪಟ್ಟಣದಲ್ಲಿ ಸರಕು ಲಾರಿಗಳಿಗೆಂದೇ 2000ದಲ್ಲಿ ಪ್ರತ್ಯೇಕ ಸೇತುವೆ ತೆರೆದರು. ಮುಂಚಿತವಾಗಿ ನೋಂದಾಯಿಸಿ ತಪಾಸಣೆಗೆ ಒಳಗಾದ ಸಾಗಣೆದಾರರಿಗೆ ಅಲ್ಲಿ ಬೇರೆ ಸಾಲು ಇದೆ. ಎಸ್ಟೋನಿಯಾ ದೇಶ ರಷ್ಯಾದ ಗಡಿಯಲ್ಲಿ 2011ರಿಂದ ಮುಂಗಡ ಕಾಯ್ದಿರಿಸುವ ಪದ್ಧತಿ ತಂದಿತು. ಲಾರಿ ಹೊರಡುವ ಮೊದಲೇ ದಾಟುವ ವೇಳೆಯನ್ನು ಗೊತ್ತುಮಾಡಿಕೊಂಡು, ಆ ವೇಳೆಗೆ ಸರಿಯಾಗಿ ಬಂದರೆ ರಸ್ತೆಯಲ್ಲಿ ಸಾಲು ನಿಲ್ಲುವ ಅಗತ್ಯವಿಲ್ಲ.

ನಮ್ಮಲ್ಲಿಯೂ ಕೆಲಸ ನಡೆದಿದೆ. ಭೂಗಡಿಯ ಠಾಣೆಗಳನ್ನು ಕಟ್ಟಿ ನಡೆಸಲು ಭಾರತ ಭೂ ಬಂದರು ಪ್ರಾಧಿಕಾರ 2012ರ ಮಾರ್ಚ್ 1ರಂದು ಸ್ಥಾಪನೆಯಾಯಿತು. ಪಂಜಾಬಿನ ಅಟ್ಟಾರಿಯ ಸಮಗ್ರ ತನಿಖಾ ಠಾಣೆ ಅದೇ ವರ್ಷ ಏಪ್ರಿಲ್‌ನಲ್ಲಿ ಆರಂಭವಾಯಿತು. ಪೆಟ್ರಾಪೋಲಿನ ಠಾಣೆ 2016ರಲ್ಲಿ ಕೆಲಸ ಆರಂಭಿಸಿತು. ಕಸ್ಟಮ್ಸ್, ಸಸ್ಯ ತನಿಖೆ, ತೂಕದ ಸೇತುವೆ, ಗೋದಾಮು ಎಲ್ಲವೂ ಒಂದೇ ಆವರಣದಲ್ಲಿ ಇರಬೇಕೆಂಬುದು ಇದರ ಉದ್ದೇಶ. 2017ರ ಆಗಸ್ಟ್‌ನಲ್ಲಿ ಹಗಲಿರುಳು ವ್ಯಾಪಾರ ನಡೆಸುವ ಏರ್ಪಾಡನ್ನು ಆರಂಭಿಸಲಾಯಿತು. 2024ರ ಅಕ್ಟೋಬರ್ 27ರಂದು ‘ಮೈತ್ರಿ ದ್ವಾರ’ ಎಂಬ ಎರಡನೆಯ ಸರಕು ಗೇಟನ್ನು ತೆರೆಯಲಾಯಿತು.

ಬೆಳೆಗಾರರ ದೃಷ್ಟಿಯಿಂದ ಇವುಗಳಲ್ಲಿ ಅತಿ ಮುಖ್ಯವಾದುದು ಪಶ್ಚಿಮ ಬಂಗಾಳ ಸರ್ಕಾರ 2022ರಲ್ಲಿ ತಂದ ‘ಸುವಿಧಾ’ ಎಂಬ ಕಾಯ್ದಿರಿಸುವ ಪದ್ಧತಿ. ಅದಕ್ಕೆ ಮೊದಲು ಲಾರಿಗಳು ಬನಗಾಂವ್‌ನ ನಿಲುಗಡೆಗಳಲ್ಲಿ ವಾರಗಟ್ಟಲೆ ನಿಂತದ್ದುಂಟು. ಈಗ ಶುಲ್ಕ ತೆತ್ತು ಲಾರಿಯ ವಿವರ ಕೊಟ್ಟು, ದಾಟುವ ದಿನ ಮತ್ತು ವೇಳೆಯನ್ನು ಮೊದಲೇ ಪಡೆಯಬಹುದು. ಸಾಮಾನ್ಯವಾಗಿ ಇದನ್ನು ರಫ್ತುದಾರ ಅಥವಾ ಅವನ ಕಸ್ಟಮ್ಸ್ ಏಜೆಂಟ್ ಮಾಡುತ್ತಾನೆ. ಮಾಲು ಕೊಡುವ ಮುನ್ನ ರೈತ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು: “ಈ ಲಾರಿಗೆ ದಾಟುವ ದಿನ ಗೊತ್ತಾಗಿದೆಯೇ?” ಗೊತ್ತಾಗಿಲ್ಲ ಎಂದಾದರೆ ಆ ಮಾಲು ದಿಕ್ಕಿಲ್ಲದೆ ಹೊರಟಂತೆಯೇ ಸರಿ.

ಗಡಿ ಮುಚ್ಚುವ ಸಂದರ್ಭಗಳು

ಗಡಿ ಮುಚ್ಚುವುದು ಎರಡು ಬಗೆ. ಒಂದು ಮೊದಲೇ ತಿಳಿಯುವಂಥದು, ಇನ್ನೊಂದು ಇದ್ದಕ್ಕಿದ್ದಂತೆ ಬರುವಂಥದು.

ಮೊದಲೇ ತಿಳಿಯುವುದು ರಜೆ ಮತ್ತು ಹಬ್ಬ. ಶುಕ್ರವಾರ ಬಾಂಗ್ಲಾದೇಶದಲ್ಲಿ ವಾರದ ರಜೆ. ಎರಡು ಈದ್ ಹಬ್ಬಗಳಲ್ಲಿ ಹಲವು ದಿನ ವ್ಯಾಪಾರ ನಿಲ್ಲುತ್ತದೆ. ಈದ್ ಹಬ್ಬಗಳು ಚಾಂದ್ರಮಾನವನ್ನು ಅನುಸರಿಸುವುದರಿಂದ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಆದುದರಿಂದ ಹಿಂದಿನ ವರ್ಷದ ತಾರೀಖನ್ನು ನಂಬಬಾರದು. ನಮ್ಮ ಬೆಳೆಗಾರರಿಗೆ ಇನ್ನೂ ಮುಖ್ಯವಾದುದು ಬಂಗಾಳದ ದುರ್ಗಾಪೂಜೆ. ನಮ್ಮಲ್ಲಿ ನವರಾತ್ರಿ ಮತ್ತು ಆಯುಧಪೂಜೆ ನಡೆಯುವ ದಿನಗಳೇ ಅಲ್ಲಿ ದುರ್ಗಾಪೂಜೆಯ ದಿನಗಳು. ಇಲ್ಲಿ ಲಾರಿಗಳನ್ನು ತೊಳೆದು ಹೂ ಮುಡಿಸಿ ನಿಲ್ಲಿಸುವ ಹೊತ್ತಿಗೆ ಅಲ್ಲಿ ಗೇಟೂ ಮುಚ್ಚಿರುತ್ತದೆ. ನಮ್ಮ ಮುಂಗಾರು ಈರುಳ್ಳಿ ಕೀಳುವ ಕಾಲವೂ ಅದೇ. ಹಬ್ಬಕ್ಕೆ ಒಂದು ವಾರ ಮುಂಚೆ ಹಿರಿಯೂರಿನಿಂದ ಹೊರಟ ಲಾರಿ ಸರಿಯಾಗಿ ಮುಚ್ಚಿದ ಗೇಟಿನ ಮುಂದೆ ಹೋಗಿ ನಿಲ್ಲುತ್ತದೆ.

ಇದ್ದಕ್ಕಿದ್ದಂತೆ ಬರುವುದು ಸರ್ಕಾರಿ ಆದೇಶ. ದೇಶದಲ್ಲಿ ಈರುಳ್ಳಿ ದರ ಏರಿದಾಗ ಕೇಂದ್ರ ಸರ್ಕಾರ ರಫ್ತನ್ನು ನಿಲ್ಲಿಸಿದ ಉದಾಹರಣೆಗಳು ಹೀಗಿವೆ:

— 2019ರ ಸೆಪ್ಟೆಂಬರ್ 29: ಈರುಳ್ಳಿ ರಫ್ತು ನಿಷೇಧ. 2020ರ ಮಾರ್ಚ್‌ವರೆಗೆ ಜಾರಿಯಲ್ಲಿತ್ತು.

— 2020ರ ಸೆಪ್ಟೆಂಬರ್ 14: ಮತ್ತೆ ನಿಷೇಧ. 2021ರ ಜನವರಿ 1ರಿಂದ ತೆರವಾಯಿತು.

— 2023ರ ಆಗಸ್ಟ್ 19: ಶೇಕಡ 40 ರಫ್ತು ಸುಂಕ. ಅಕ್ಟೋಬರ್ ಕೊನೆಯಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ. ಡಿಸೆಂಬರ್‌ನಲ್ಲಿ ಪೂರ್ಣ ನಿಷೇಧ.

— 2024ರ ಮೇ 4: ನಿಷೇಧ ತೆರವು, ಆದರೆ ಶೇಕಡ 40 ಸುಂಕ ಮತ್ತು ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ರದ್ದಾಗಿ ಸುಂಕ ಶೇಕಡ 20ಕ್ಕೆ ಇಳಿಯಿತು.

— 2025ರ ಏಪ್ರಿಲ್ 1: ಆ ಸುಂಕವೂ ರದ್ದಾಯಿತು.

2020ರ ಸೆಪ್ಟೆಂಬರ್ ಆದೇಶ ಬಂದ ದಿನ ಗಡಿಯಲ್ಲಿ ಈರುಳ್ಳಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕೆಲವು ದಿನಗಳ ನಂತರ ಒಂದಷ್ಟು ಲಾರಿಗಳಿಗೆ ಅನುಮತಿ ದೊರೆಯಿತು. ಅಷ್ಟರಲ್ಲಿ ಬಹಳಷ್ಟು ಮಾಲು ಕೊಳೆತಿತ್ತು. ಮೇಲಿನ ಪಟ್ಟಿಯಲ್ಲಿ ಗಮನಿಸತಕ್ಕ ಅಂಶವೆಂದರೆ ಮೊದಲ ಮೂರು ಆದೇಶಗಳೂ ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳಲ್ಲಿಯೇ ಬಂದಿವೆ. ಬೇಸಿಗೆಯಲ್ಲಿ ಕೂಡಿಟ್ಟ ಈರುಳ್ಳಿ ಮುಗಿಯುತ್ತ ಬಂದು, ಮುಂಗಾರು ಈರುಳ್ಳಿ ಇನ್ನೂ ಪೂರ್ತಿ ಬಾರದ ಆ ಸಮಯದಲ್ಲಿ ದೇಶದಲ್ಲಿ ದರ ಏರುತ್ತದೆ. ನಮ್ಮ ಜಿಲ್ಲೆಯ ಈರುಳ್ಳಿ ಪೇಟೆಗೆ ಬರುವುದೂ ಆಗಲೇ. ಎಂದರೆ ದರ ಅತಿ ಹೆಚ್ಚಿರುವ ದಿನಗಳಲ್ಲೇ ಗಡಿ ಮುಚ್ಚುವ ಅಪಾಯವೂ ಅತಿ ಹೆಚ್ಚು.

ಆಚೆ ಕಡೆಯಿಂದಲೂ ಬಾಗಿಲು ಮುಚ್ಚಬಹುದು. ತನ್ನ ರೈತರ ಬೆಳೆ ಬಂದಾಗ ಬಾಂಗ್ಲಾದೇಶ ಆಮದು ಪರವಾನಗಿ ಕೊಡುವುದನ್ನು ನಿಲ್ಲಿಸುತ್ತದೆ. 2023ರ ಮಾರ್ಚ್ ಮಧ್ಯದಲ್ಲಿ ನಿಲ್ಲಿಸಿದ ಈರುಳ್ಳಿ ಆಮದನ್ನು ಅದು ಮತ್ತೆ ಆರಂಭಿಸಿದ್ದು ಜೂನ್ 5ರಂದು. ಹಣ್ಣುಗಳ ಮೇಲಿನ ನಿಯಂತ್ರಣ ಸುಂಕವನ್ನು 2022ರ ಮೇ ತಿಂಗಳಲ್ಲಿ ಶೇಕಡ 3ರಿಂದ ಶೇಕಡ 20ಕ್ಕೆ ಏರಿಸಿತು. ದಾಳಿಂಬೆ ಬೆಳೆಗಾರರು ಇದನ್ನು ನೆನಪಿನಲ್ಲಿಡಬೇಕು. ಇನ್ನು 2020ರ ಮಾರ್ಚ್‌ನಲ್ಲಿ ಕೊರೋನಾ ರೋಗದ ಕಾರಣ ಪೆಟ್ರಾಪೋಲಿನ ಲಾರಿ ಸಂಚಾರ ನಿಂತು, ಸರಿಯಾಗಿ ಮತ್ತೆ ತೆರೆದದ್ದು ಜೂನ್‌ನಲ್ಲಿ.

ಗೇಟಿನ ದಿನದಿಂದ ಹಿಂದಕ್ಕೆ ಎಣಿಸಿ

ಸಾಮಾನ್ಯವಾಗಿ ನಾವು ಕೊಯ್ಲು ಮಾಡಿ, ಆಮೇಲೆ ಲಾರಿ ಹುಡುಕಿ, ಲಾರಿ ಹೊರಟ ಮೇಲೆ ಗಡಿಯ ಬಗ್ಗೆ ಯೋಚಿಸುತ್ತೇವೆ. ಗಡಿ ದಾಟುವ ಮಾಲಿಗೆ ಈ ಕ್ರಮ ತಲೆಕೆಳಗಾಗಬೇಕು. ಗೇಟಿನ ದಿನವನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಈರುಳ್ಳಿ: ಗೇಟಿನ ದಿನಕ್ಕೆ 7 ದಿನ ಮೊದಲು ಲಾರಿ ತುಂಬಬೇಕು. ಐದರಿಂದ ಆರು ದಿನ ಓಟಕ್ಕೆ, ಒಂದು ದಿನ ದಾರಿಯ ತೊಂದರೆಗೆ. ಅದಕ್ಕೆ ಮೊದಲು ಗಡ್ಡೆ ಒಣಗಲು 8ರಿಂದ 10 ದಿನ. ಆದುದರಿಂದ ಕೀಳುವುದು ಗೇಟಿನ ದಿನಕ್ಕೆ 17 ದಿನ ಮೊದಲು. ನೀರು ನಿಲ್ಲಿಸುವುದು ಕೀಳುವುದಕ್ಕೆ 10ರಿಂದ 15 ದಿನ ಮೊದಲು. ಒಟ್ಟಿನಲ್ಲಿ ಗೇಟಿನ ದಿನಕ್ಕೆ ಒಂದು ತಿಂಗಳು ಮೊದಲೇ ಹೊಲದಲ್ಲಿ ನಿರ್ಧಾರ ಆಗಿರಬೇಕು. ಗಡಿಯ ಸರದಿ ಬನಗಾಂವ್‌ನಲ್ಲಿ ಅಲ್ಲ, ನಮ್ಮ ಹೊಲದ ಬದುವಿನಲ್ಲೇ ಆರಂಭವಾಗುತ್ತದೆ.

ಮುಂಗಾರು ಈರುಳ್ಳಿಯಲ್ಲಿ ನೀರಿನ ಅಂಶ ಹೆಚ್ಚು. ಬೇಸಿಗೆಯ ಈರುಳ್ಳಿಯಂತೆ ತಿಂಗಳುಗಟ್ಟಲೆ ಇಡಲು ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಗಿಡಗಳ ಸೊಪ್ಪು ಬಾಗಿದ ಮೇಲೆ ಕೀಳಬೇಕು. ದರ ಇದೆಯೆಂದು ಎಳೆಯ ಗಡ್ಡೆ ಕಿತ್ತು ದೂರದ ಗಡಿಗೆ ಕಳಿಸಬಾರದು. ಕಿತ್ತ ಗಡ್ಡೆಯನ್ನು ಸೊಪ್ಪಿನ ಸಮೇತ ಮೂರರಿಂದ ಐದು ದಿನ ಹೊಲದಲ್ಲಿ, ಒಂದರ ಸೊಪ್ಪು ಇನ್ನೊಂದರ ಗಡ್ಡೆಯನ್ನು ಮುಚ್ಚುವಂತೆ ಸಾಲಾಗಿ ಹರಡಬೇಕು. ನಂತರ ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಕತ್ತು ಪೂರ್ತಿ ಒಣಗಿದ ಮೇಲೆ ಎರಡು ಸೆಂ.ಮೀ.ನಷ್ಟು ಬಿಟ್ಟು ಸೊಪ್ಪು ಕತ್ತರಿಸಬೇಕು. ಹಸಿ ಕತ್ತಿನ ಒಂದು ಗಡ್ಡೆ ಕೊಳೆತರೆ ಚೀಲವೆಲ್ಲ ಕೆಡುತ್ತದೆ. ದಪ್ಪ ಕತ್ತಿನ, ಜೋಡಿ, ಗಾಯವಾದ ಮತ್ತು ಮಳೆಗೆ ನೆನೆದ ಗಡ್ಡೆಗಳನ್ನು ಬೇರೆ ಮಾಡಿ ಹತ್ತಿರದ ಪೇಟೆಗೆ ಕಳಿಸುವುದೇ ಲೇಸು.

ದಾಳಿಂಬೆ: ದಾಳಿಂಬೆಯಲ್ಲಿ ನಮಗೆ ಇನ್ನೂ ಹೆಚ್ಚಿನ ಅನುಕೂಲವಿದೆ. ನೀರು ನಿಲ್ಲಿಸಿ, ಚಾಟನಿ ಮಾಡಿ, ಹೂ ಬಿಡುವ ಕಾಲವನ್ನೇ ನಾವು ಗೊತ್ತುಮಾಡುತ್ತೇವೆ. ಹೂ ಬಿಟ್ಟು ಐದರಿಂದ ಆರು ತಿಂಗಳಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಆದುದರಿಂದ ಚಾಟನಿ ಮಾಡುವ ದಿನವೇ ಪಂಚಾಂಗ ನೋಡಿ, ಕೊಯ್ಲು ಈದ್ ಅಥವಾ ದುರ್ಗಾಪೂಜೆಯ ರಜೆಯಲ್ಲಿ ಬೀಳದಂತೆ ನೋಡಿಕೊಳ್ಳಬಹುದು. ರಮ್ಜಾನ್ ತಿಂಗಳಲ್ಲಿ ಹಣ್ಣಿಗೆ ಬೇಡಿಕೆ ಹೆಚ್ಚು. ಆ ತಿಂಗಳ ಆರಂಭಕ್ಕೆ ಮೊದಲು ಗಡಿ ದಾಟುವ ಮಾಲಿಗೆ ಒಳ್ಳೆಯ ಅವಕಾಶವಿದೆ. ಕೊನೆಯಲ್ಲಿ ತಲುಪುವ ಮಾಲಿಗೆ ರಜೆಯ ಅಪಾಯ.

ದಾಳಿಂಬೆ ಕಿತ್ತ ಮೇಲೆ ಹಣ್ಣಾಗುವ ಜಾತಿಯದಲ್ಲ. ಬಲಿಯದೆ ಕಿತ್ತರೆ ಬಣ್ಣವೂ ರುಚಿಯೂ ಬಾರದು. ಬಲಿತ ಮೇಲೆ ಮರದಲ್ಲೇ ಹೆಚ್ಚು ದಿನ ಬಿಟ್ಟರೆ ಸಿಡಿಯುತ್ತದೆ. ಮಳೆ ಅಥವಾ ಇಬ್ಬನಿ ಇರುವಾಗ ಕೀಳಬಾರದು. ಕೈಯಿಂದ ಎಳೆಯದೆ ಕತ್ತರಿಯಿಂದ ತೊಟ್ಟು ಕತ್ತರಿಸಬೇಕು. ದುಂಡಾಣು ಅಂಗಮಾರಿಯ ಚುಕ್ಕೆ ಇರುವ ಹಣ್ಣನ್ನು ಗಡಿಗೆ ಹೋಗುವ ಪೆಟ್ಟಿಗೆಗೆ ಹಾಕಲೇಬಾರದು. ಔಷಧಿ ಸಿಂಪಡಣೆಗೂ ಕೊಯ್ಲಿಗೂ ಇರಬೇಕಾದ ಅಂತರವನ್ನು ಡಬ್ಬಿಯ ಮೇಲೆ ಓದಿ ತಪ್ಪದೆ ಪಾಲಿಸಬೇಕು. 5 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಮತ್ತು ಶೇಕಡ 90–95 ತೇವಾಂಶದ ಶೀತಲಗೃಹದಲ್ಲಿ ದಾಳಿಂಬೆ ಎರಡು ತಿಂಗಳವರೆಗೆ ಕೆಡದೆ ಉಳಿಯುತ್ತದೆ. ಗಡಿ ಮುಚ್ಚಿದ ಸುದ್ದಿ ಬಂದಾಗ ಕಿತ್ತ ಹಣ್ಣನ್ನು ಲಾರಿಯಲ್ಲಿ ಕಳಿಸುವ ಬದಲು ಶೀತಲಗೃಹಕ್ಕೆ ಹಾಕುವುದು ಸೂಕ್ತ.

ಲಾರಿ ತುಂಬುವಾಗ

— ಈರುಳ್ಳಿಯನ್ನು ಗಾಳಿಯಾಡುವ ಜಾಲಿ ಚೀಲ ಅಥವಾ ತೆಳು ನೇಯ್ಗೆಯ ಗೋಣಿಯಲ್ಲಿ ತುಂಬಿ. ಪ್ಲಾಸ್ಟಿಕ್ ಚೀಲ ಬೇಡ.

— ಲಾರಿಯ ತಳಕ್ಕೆ ಹಲಗೆ ಅಥವಾ ಒಣ ಹುಲ್ಲು ಹಾಸಿ. ಚೀಲಗಳ ನಡುವೆ ಗಾಳಿಗೆ ದಾರಿ ಬಿಡಿ.

— ಮಳೆಯಿಲ್ಲದಾಗ, ಅದರಲ್ಲಿಯೂ ಲಾರಿ ನಿಂತಿರುವಾಗ, ತಾಡಪಾಲನ್ನು ಬದಿಗಳಲ್ಲಿ ಎತ್ತಿ ಕಟ್ಟುವಂತೆ ಚಾಲಕನಿಗೆ ತಿಳಿಸಿ. ಓಡುವಾಗ ಕೆಡದ ಮಾಲು ನಿಂತಾಗ ಕೆಡುತ್ತದೆ.

— ದಾಳಿಂಬೆಯನ್ನು ಗಾತ್ರ, ಬಣ್ಣದ ಪ್ರಕಾರ ಆರಿಸಿ ಗಟ್ಟಿಯಾದ ರಟ್ಟಿನ ಪೆಟ್ಟಿಗೆ ಅಥವಾ ಕ್ರೇಟ್‌ನಲ್ಲಿ ತುಂಬಿ. ಗಡಿಯಲ್ಲಿ ಮತ್ತೊಮ್ಮೆ ಎತ್ತಿ ಇಳಿಸುವುದನ್ನು ತಡೆಯುವಷ್ಟು ಪೆಟ್ಟಿಗೆ ಗಟ್ಟಿಯಿರಬೇಕು.

— ಒಂದು ಲಾರಿಯಲ್ಲಿ ಒಂದೇ ದರ್ಜೆಯ ಮಾಲು ಇರಲಿ. ಮೇಲೆ ಒಳ್ಳೆಯದು, ಕೆಳಗೆ ಸಾಧಾರಣದ್ದು ಎಂಬ ಲಾರಿಗೆ ತನಿಖೆಯಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. ಅದರ ಹಿಂದಿನ ಲಾರಿಗಳೂ ನಿಲ್ಲುತ್ತವೆ.

— ಮಿತಿಗಿಂತ ಹೆಚ್ಚು ತೂಕ ತುಂಬಬೇಡಿ. ತೂಕದ ಸೇತುವೆಯಲ್ಲಿ ಸಿಕ್ಕಿಬಿದ್ದರೆ ಕಾಯ್ದಿರಿಸಿದ ಸರದಿ ತಪ್ಪುತ್ತದೆ.

ಕಾಗದ ಪತ್ರ

ರಫ್ತುದಾರನ ಬಳಿ ಆಮದು–ರಫ್ತು ಸಂಕೇತ ಸಂಖ್ಯೆ, ರಫ್ತು ಪತ್ರ, ಬಿಲ್ಲು, ಮಾಲಿನ ಪಟ್ಟಿ, ಸಸ್ಯ ಆರೋಗ್ಯ ಪ್ರಮಾಣಪತ್ರ, ಮೂಲ ದೇಶದ ಪ್ರಮಾಣಪತ್ರ ಮತ್ತು ಆಚೆಯ ವ್ಯಾಪಾರಿಯ ಬ್ಯಾಂಕ್ ಭರವಸೆ ಪತ್ರ ಇರಬೇಕು. ಆಚೆಯವನಿಗೆ ಆಮದು ಪರವಾನಗಿ ಇರಬೇಕು. ಇವೆಲ್ಲದರಲ್ಲಿ ಚೀಲಗಳ ಸಂಖ್ಯೆ ಮತ್ತು ತೂಕ ಒಂದೇ ಆಗಿರತಕ್ಕದ್ದು. ಒಂದು ಅಂಕಿ ಹೆಚ್ಚು ಕಡಿಮೆಯಾದರೆ ಒಂದು ದಿನ ಹೋಯಿತೆಂದೇ ತಿಳಿಯಿರಿ. ರೈತ ಕೊಡುವ ತೂಕದ ಚೀಟಿಯೇ ಈ ಎಲ್ಲ ಕಾಗದಗಳ ತಾಯಿಬೇರು. ಆದುದರಿಂದ ಅದು ಸರಿಯಾಗಿರಬೇಕು.

ತಾಜಾ ತರಕಾರಿ, ಹಣ್ಣುಗಳನ್ನು ದೇಶದೊಳಗೆ ಸಾಗಿಸಲು ಇ–ವೇ ಬಿಲ್ಲಿನ ಅಗತ್ಯವಿಲ್ಲ. ಆದರೆ ಹೊಳಲ್ಕೆರೆ, ಹೊಸದುರ್ಗ ಕಡೆಯ ಒಣ ಅಡಿಕೆಯಂತಹ ತೆರಿಗೆ ಇರುವ ಮಾಲು 50,000 ರೂಪಾಯಿಗಿಂತ ಹೆಚ್ಚಿನ ಬೆಲೆಯದಾದರೆ ಇ–ವೇ ಬಿಲ್ಲು ಬೇಕು. 2021ರ ಜನವರಿಯಿಂದ ಇದರ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನ. ದಾರಿಯಲ್ಲಿ ತಡವಾದರೆ ಅವಧಿ ಮುಗಿಯದಂತೆ ಎಚ್ಚರವಿರಲಿ.

ನಷ್ಟ ಯಾರದು ಎಂಬುದು ಮೊದಲೇ ತೀರ್ಮಾನವಾಗಲಿ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ತೋಟದ ಬಾಗಿಲಲ್ಲಿ ತೂಕ ಮಾಡಿ ದರ ಮುರಿದು ಹಣ ಪಡೆದರೆ ಗಡಿಯ ಕಾಯುವಿಕೆ ವ್ಯಾಪಾರಿಯದು. “ಅಲ್ಲಿ ಮಾರಾಟವಾದ ಮೇಲೆ ಲೆಕ್ಕ” ಎಂದು ಒಪ್ಪಿದರೆ ಕಾಯುವಿಕೆ, ಕೊಳೆತ, ನಿಂತ ಬಾಡಿಗೆ ಎಲ್ಲವೂ ರೈತನದು. ಎರಡನೆಯ ರೀತಿಯಲ್ಲಿ ದರ ಕಣ್ಣಿಗೆ ಹೆಚ್ಚಾಗಿ ಕಾಣುತ್ತದೆ. ಆ ಹೆಚ್ಚಿನ ದರ ನಷ್ಟವನ್ನು ಹೊರುವುದಕ್ಕೆ ಕೊಡುವ ಕೂಲಿ ಮಾತ್ರ ಎಂಬುದನ್ನು ಮರೆಯಬಾರದು. ಕೆಳಗಿನ ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಒಳಿತು: ದರ ಮತ್ತು ತೂಕ ಎಲ್ಲಿ ತೀರ್ಮಾನವಾಗುತ್ತದೆ, ಮುಂಗಡ ಎಷ್ಟು, ಉಳಿದ ಹಣ ಯಾವ ದಿನ, ಗಡಿಯಲ್ಲಿ ಎಷ್ಟು ದಿನ ಮೀರಿದರೆ ನಷ್ಟ ಯಾರದು, ಸರ್ಕಾರಿ ಆದೇಶದಿಂದ ಗಡಿ ಮುಚ್ಚಿದರೆ ಮಾಲು ಎಲ್ಲಿಗೆ ಹೋಗಬೇಕು.

ಒಬ್ಬ ರೈತನ ಹತ್ತು ಚೀಲಕ್ಕೆ ಈ ಕರಾರು ಕಷ್ಟ. ರೈತ ಉತ್ಪಾದಕ ಸಂಸ್ಥೆಯ ಮೂಲಕ ಹಳ್ಳಿಯ ಮಾಲನ್ನು ಸೇರಿಸಿ ಪೂರ್ತಿ ಲಾರಿ ಕಳಿಸಿದರೆ ಮಾತಿಗೆ ಬೆಲೆ ಬರುತ್ತದೆ. ಹತ್ತು ಲಾರಿ ಮಾಲಿದ್ದರೆ ಒಂದೇ ದಿನ ಹೊರಡಿಸದೆ ದಿನಕ್ಕೆ ಎರಡರಂತೆ ಕಳಿಸಿ. ಮೊದಲ ಲಾರಿಯ ಚಾಲಕ ದೂರವಾಣಿಯಲ್ಲಿ ತಿಳಿಸುವ ಸುದ್ದಿ ಉಳಿದವಕ್ಕೆ ದಾರಿ ತೋರಿಸುತ್ತದೆ.

ಎರಡನೆಯ ದಾರಿ ಇರಲಿ

ಹೊರಡುವ ಮುನ್ನವೇ ಮರು ಯೋಜನೆ ಇರಬೇಕು. ಗಡಿ ಮುಚ್ಚಿದರೆ ಆ ಲಾರಿ ವಿಜಯವಾಡ, ಭುವನೇಶ್ವರ ಅಥವಾ ಕೋಲ್ಕತ್ತದ ಯಾವ ಪೇಟೆಯಲ್ಲಿ ಇಳಿಯಬಹುದು ಎಂಬುದನ್ನು ತಿಳಿದಿಟ್ಟುಕೊಳ್ಳಿ. ಬನಗಾಂವ್ ತಲುಪಿದ ಮೇಲೆ ಹಿಂದಿರುಗುವುದು ದುಬಾರಿ. ರೈಲಿನ ದಾರಿಯನ್ನೂ ಮರೆಯಬಾರದು. 2020ರ ಜುಲೈನಲ್ಲಿ ರಸ್ತೆಯ ಗಡಿಯಲ್ಲಿ ತೊಡಕಿದ್ದಾಗ ಆಂಧ್ರದ ಗುಂಟೂರು ಭಾಗದಿಂದ 384 ಟನ್ ಒಣ ಮೆಣಸಿನಕಾಯಿ ವಿಶೇಷ ಪಾರ್ಸೆಲ್ ರೈಲಿನಲ್ಲಿ ನೇರವಾಗಿ ಬೆನಾಪೋಲ್ ತಲುಪಿತು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲ್ವೆ ಜಂಕ್ಷನ್ ನಮಗೆ ಹತ್ತಿರದಲ್ಲೇ ಇದೆ. ಸಾಕಷ್ಟು ಮಾಲು ಒಟ್ಟುಗೂಡಿಸಬಲ್ಲ ಸಂಸ್ಥೆಗಳು ಅಲ್ಲಿ ವಿಚಾರಿಸಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಈರುಳ್ಳಿ ಬಿತ್ತನೆ ಮತ್ತು ದಾಳಿಂಬೆ ಚಾಟನಿಯ ಕಾಲದಲ್ಲಿ ನಡೆಸುವ ಸಭೆಗಳಲ್ಲಿ ಬೀಜ, ಗೊಬ್ಬರಗಳ ಜೊತೆಗೆ ಗಡಿಯ ವಿಷಯವನ್ನೂ ತಿಳಿಸಬೇಕು. ಆ ವರ್ಷದ ಈದ್, ದುರ್ಗಾಪೂಜೆಯ ದಿನಗಳನ್ನು ಗುರುತಿಸಿದ ಒಂದು ಹಾಳೆಯನ್ನು ಪಂಚಾಯಿತಿ ಕಚೇರಿ ಮತ್ತು ಹಾಲಿನ ಡೇರಿಗಳಲ್ಲಿ ಅಂಟಿಸಬಹುದು. ರಫ್ತು ಆದೇಶ ಬದಲಾದ ದಿನವೇ ಸುದ್ದಿ ಹಳ್ಳಿಗೆ ಮುಟ್ಟಿಸುವ ಏರ್ಪಾಡು ಇರಲಿ. ಒಂದು ದಿನ ತಡವಾದ ಸುದ್ದಿ ಒಂದು ಲಾರಿ ಮಾಲನ್ನು ಕೊಳೆಸಬಹುದು.

ಗೇಟು ಎಷ್ಟು ಅಗಲವಾದರೂ ಒಂದು ದಿನಕ್ಕೆ ಇಂತಿಷ್ಟೇ ಲಾರಿ ದಾಟುತ್ತವೆ. ಆ ಗೇಟನ್ನು ನಾವು ಅಗಲ ಮಾಡಲಾರೆವು. ಆದರೆ ಅದರ ಮುಂದೆ ಯಾವ ದಿನ, ಎಂತಹ ಮಾಲಿನೊಡನೆ, ಯಾರ ಹೊಣೆಯ ಮೇಲೆ ನಿಲ್ಲಬೇಕು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕೊಯ್ಲು, ಒಣಗಿಸುವಿಕೆ ಮತ್ತು ದರ್ಜೆ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.